ಅಪ್ಪನ ಖಾತೆಯಲ್ಲಿ ಉಳಿದ ಹಣ: ವಕೀಲರಿಲ್ಲದೆ ಪಡೆಯುವ ಬಗೆ

ಮನೆಯ ಹಿರಿಯರು ತೀರಿಕೊಂಡ ಮೇಲೆ ಜಮೀನಿನ ಪೌತಿ ಖಾತೆಗೆ ಎಲ್ಲರೂ ಓಡಾಡುತ್ತಾರೆ. ಬ್ಯಾಂಕಿನಲ್ಲಿರೋ ಇಪ್ಪತ್ತೋ ಮೂವತ್ತೋ ಸಾವಿರ ಮಾತ್ರ ಹಾಗೇ ಉಳಿದುಬಿಡುತ್ತೆ. ‘ಕೋರ್ಟಿಗೆ ಹೋಗಬೇಕಂತೆ, ಬರೋದಕ್ಕಿಂತ ಖರ್ಚೇ ಜಾಸ್ತಿ’ ಅನ್ನೋ ಮಾತು ನಮ್ಮ ಕಡೆ ಇದೆ. ಮಳೆ ನಂಬಿ ಬದುಕುವ ನಮಗೆ ಅದು ಒಂದು ಹಂಗಾಮಿನ ಬೀಜ ಗೊಬ್ಬರದ ದುಡ್ಡು. ಬಿಡಬೇಕಾಗಿಲ್ಲ. ವಾರಸುದಾರರಲ್ಲಿ ತಕರಾರಿಲ್ಲದಿದ್ದರೆ ಸಣ್ಣ ಖಾತೆಗೆ ಕೋರ್ಟೂ ಬೇಡ, ವಕೀಲರೂ ಬೇಡ.

ಮೊದಲು ಮರಣ ಪತ್ರ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತೆ, ಆಗ ನಿಜವಾಗಿ ಅಲೆದಾಟ. ನಾಲ್ಕೈದು ಪ್ರತಿ ತೆಗೆಸಿಟ್ಟುಕೊಳ್ಳಿ. ಅದರಲ್ಲಿನ ಹೆಸರು ಪಾಸ್‌ಬುಕ್ಕಿನ ಹೆಸರಿಗೆ ತಾಳೆಯಾಗುತ್ತಾ ಅಂತ ಅಲ್ಲೇ ನೋಡಿ. ಒಂದರಲ್ಲಿ ‘ತಿಮ್ಮಪ್ಪ’, ಇನ್ನೊಂದರಲ್ಲಿ ‘ತಿಮ್ಮಯ್ಯ’ ಇದ್ದರೆ ಬ್ಯಾಂಕಿನವರು ವಾಪಸ್ ಕಳಿಸುತ್ತಾರೆ.

ಆಮೇಲೆ ಪಾಸ್‌ಬುಕ್ಕಿಗೆ ಪೂರ್ತಿ ಎಂಟ್ರಿ ಹಾಕಿಸಿ. ವರ್ಷಕ್ಕೊಮ್ಮೆ 436 ರೂಪಾಯಿ ಕಡಿತ ಆಗಿದೆಯಾ ನೋಡಿ. ಆಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ, 2 ಲಕ್ಷದ್ದು. ಇದು 55 ವರ್ಷದವರೆಗೆ ಮಾತ್ರ. 20 ರೂಪಾಯಿ ಕಡಿತ ಆಗಿದ್ದರೆ ಸುರಕ್ಷಾ ವಿಮೆ. ಅಪಘಾತದಲ್ಲಿ ಸತ್ತರೆ ಅದೂ 2 ಲಕ್ಷ, 70 ವರ್ಷದವರೆಗೆ. ಖಾತೆಯ ಮೂವತ್ತು ಸಾವಿರಕ್ಕೆ ಹೋದವರು ಈ ಎರಡು ಲಕ್ಷ ಕೇಳದೆ ಬಂದದ್ದುಂಟು.

ನಾಮಿನಿ ಇದ್ದರೆ ಕೆಲಸ ಸಲೀಸು. ಕ್ಲೇಮ್ ಫಾರಂ, ಮರಣ ಪತ್ರ, ನಾಮಿನಿಯ ಆಧಾರ್ ಅಥವಾ ವೋಟರ್ ಕಾರ್ಡು, ಇಷ್ಟೇ. ಗಂಡ ಹೆಂಡತಿ ಜಂಟಿಯಾಗಿ ‘ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು’ ಅಂತ ತೆರೆದ ಖಾತೆಗೂ ಹೀಗೇ. ಆದರೆ ನಾಮಿನಿ ಅಂದರೆ ಹಣದ ಒಡೆಯ ಅಲ್ಲ. ಉಳಿದ ವಾರಸುದಾರರ ಪರವಾಗಿ ಹಣ ಇಸಕೊಳ್ಳುವವನು, ಅಷ್ಟೇ.

ನಾಮಿನಿ ಇಲ್ಲದಿದ್ದರೆ? ಇಲ್ಲೇ ನಮ್ಮವರು ಕೈಚೆಲ್ಲೋದು. ರಿಸರ್ವ್ ಬ್ಯಾಂಕು 2025ರ ಸೆಪ್ಟೆಂಬರಿನಲ್ಲಿ ಎಲ್ಲ ಬ್ಯಾಂಕಿಗೂ ಒಂದೇ ನಿಯಮ ಮಾಡಿದೆ. 15 ಲಕ್ಷದವರೆಗೆ, ಸಹಕಾರಿ ಬ್ಯಾಂಕಾದರೆ 5 ಲಕ್ಷದವರೆಗೆ, ಉಯಿಲು ತಕರಾರು ಇಲ್ಲದ ಖಾತೆಗೆ ಸರಳ ವಿಧಾನವೇ ಸಾಕು. ಕ್ಲೇಮ್ ಫಾರಂ, ಮರಣ ಪತ್ರ, ಹಣ ಕೇಳುವವರ ಗುರುತಿನ ಚೀಟಿ, ನಷ್ಟವಾದರೆ ನಾವು ತುಂಬಿಕೊಡುತ್ತೇವೆ ಅನ್ನೋ ಮುಚ್ಚಳಿಕೆ, ಹಣ ಬೇಡ ಅನ್ನುವ ವಾರಸುದಾರರ ಒಪ್ಪಿಗೆ ಪತ್ರ. ನಮೂನೆಗಳು ಬ್ಯಾಂಕಿನಲ್ಲೇ ಸಿಗುತ್ತವೆ. ಇದರ ಜೊತೆಗೆ ವಾರಸುದಾರರು ಯಾರ್‍ಯಾರು ಅನ್ನೋದಕ್ಕೆ ದಾಖಲೆ. ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕಿ, ಪೌತಿ ಖಾತೆಗೂ ಅದೇ ಆಗುತ್ತೆ. ಮನೆತನವನ್ನು ಬಲ್ಲ, ಸಂಬಂಧಿಕರಲ್ಲದ, ಬ್ಯಾಂಕಿಗೆ ಒಪ್ಪಿಗೆಯಾಗುವ ಒಬ್ಬರು ಬರೆದುಕೊಡುವ ಘೋಷಣೆಯೂ ನಡೆಯುತ್ತೆ.

ಸಹಿ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹಿಂದೂ ವಾರಸಾ ಕಾಯ್ದೆ ಪ್ರಕಾರ ಸತ್ತವನ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಅವನ ತಾಯಿ ಬದುಕಿದ್ದರೆ ಆಕೆ, ಎಲ್ಲರಿಗೂ ಸಮಪಾಲು. ನಮ್ಮ ಮನೆಯಲ್ಲಿ ಅಮ್ಮ, ನಾವು ಅಣ್ಣತಮ್ಮ ಇಬ್ಬರು, ಮಡಕಶಿರಾ ಕಡೆ ಕೊಟ್ಟ ತಂಗಿ. ಕಾಗದ ಕಳಿಸಿ ‘ಇಲ್ಲೊಂದು ಸಹಿ ಹಾಕಮ್ಮ’ ಅಂದಿದ್ದರೆ ಹಾಕುತ್ತಿದ್ದಳು. ಆದರೆ ಅವಳ ಗಂಡ ಕೇಳಿದ್ದು ಸರಿಯಾಗೇ ಇತ್ತು: ‘ಭಾವ, ಇದು ಬ್ಯಾಂಕಿಗೆ ಮಾತ್ರವೋ, ಜಮೀನಿಗೂ ಸೇರಿತೋ?’ ಅದಕ್ಕೇ ಒಪ್ಪಿಗೆ ಪತ್ರದಲ್ಲಿ ಬ್ಯಾಂಕಿನ ಹೆಸರು, ಖಾತೆ ನಂಬರು, ಮೊತ್ತ ಕಾಣಿಸಿದೆವು. ಹಣ ಅಮ್ಮನ ಖಾತೆಗೆ ಬರಲಿ ಅಂತ ಎಲ್ಲರೂ ಒಪ್ಪಿದೆವು. ಹೆಣ್ಣುಮಕ್ಕಳು ಖಾಲಿ ಹಾಳೆಗೆ ಸಹಿ ಹಾಕಬಾರದು, ಅಣ್ಣತಮ್ಮಂದಿರು ಹಾಕಿಸಲೂಬಾರದು. ಇಪ್ಪತ್ತು ಸಾವಿರದ ಕಾಗದದಿಂದ ಹುಟ್ಟಿದ ಅನುಮಾನ ಜಮೀನಿನ ದಾವೆಗೆ ಹೋಗಿ ನಿಂತದ್ದನ್ನು ನೋಡಿದ್ದೇನೆ.

ಅಪ್ಪನ ಎಟಿಎಂ ಕಾರ್ಡಿನಿಂದ ಹಣ ತೆಗೆಯೋದು ಸುಲಭ ಅನ್ನಿಸುತ್ತೆ. ಬೇಡ. ಬ್ಯಾಂಕಿಗೂ ಒಡಹುಟ್ಟಿದವರಿಗೂ ಉತ್ತರ ಹೇಳಬೇಕಾಗುತ್ತೆ. ಸತ್ತ ಮೇಲೆ ಬಂದ ಪಿಂಚಣಿ ಕಂತು ನಮ್ಮದಲ್ಲ. ಅಪ್ಪನ ಹೆಸರಲ್ಲಿ ಬೆಳೆ ಸಾಲ ಇದೆಯಾ ಅಂತಲೂ ಮೊದಲೇ ಕೇಳಿ, ಠೇವಣಿಯನ್ನು ಬ್ಯಾಂಕು ಸಾಲಕ್ಕೆ ಮುರಿದುಕೊಳ್ಳಬಹುದು.

ನಮಗೂ ಮೊದಲ ದಿನ ‘ಕೋರ್ಟಿನಿಂದ ಸಕ್ಸೆಷನ್ ಸರ್ಟಿಫಿಕೇಟ್ ತನ್ನಿ’ ಅಂದರು. ‘ಆಗಲಿ ಸಾರ್, ಹಾಗಂತ ನಮ್ಮ ಅರ್ಜಿ ಮೇಲೆ ಬರೆದುಕೊಡಿ’ ಅಂದೆ. ಬರೆದುಕೊಡಲಿಲ್ಲ, ಫಾರಂ ಕೊಟ್ಟರು. ಜಗಳ ಬೇಕಾಗಿಲ್ಲ, ಬರವಣಿಗೆ ಸಾಕು. ಕಾಗದ ಕೊಟ್ಟ ದಿನವೇ ಸೀಲು ಹಾಕಿದ ಸ್ವೀಕೃತಿ ಇಸಕೊಳ್ಳಿ. ಎಲ್ಲ ದಾಖಲೆ ಮುಟ್ಟಿದ 15 ದಿನದೊಳಗೆ ಇತ್ಯರ್ಥ ಮಾಡಬೇಕು. ಬ್ಯಾಂಕಿನಿಂದಲೇ ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ಲಿಖಿತ ದೂರಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು, ಅದಕ್ಕೆ ಫೀಸಿಲ್ಲ. ವಿವರಕ್ಕೆ 14448ಕ್ಕೆ ಫೋನು ಮಾಡಿ.

ಊರ ಸೊಸೈಟಿ ಬ್ಯಾಂಕಲ್ಲ, ಅಲ್ಲಿನ ಠೇವಣಿಗೆ ಈ ನಿಯಮ ನಡೆಯಲ್ಲ. ಅವರ ಬೈಲಾ ಕೇಳಿ ನೋಡಿ.

ಅಪ್ಪ ಹೋಗಿ ಹತ್ತಾರು ವರ್ಷ ಆಗಿದ್ದರೂ ಹಣ ಮುಳುಗಿಲ್ಲ. 10 ವರ್ಷ ವ್ಯವಹಾರವಿಲ್ಲದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತೆ. ಆಗಲೂ ಅದೇ ಬ್ಯಾಂಕಿನಲ್ಲಿ ಕೇಳಬೇಕು. ಯಾವ ಬ್ಯಾಂಕು ಅಂತಲೇ ಗೊತ್ತಿಲ್ಲದಿದ್ದರೆ ಮಕ್ಕಳ ಕೈಲಿ ರಿಸರ್ವ್ ಬ್ಯಾಂಕಿನ ‘ಉದ್ಗಮ್’ ಪೋರ್ಟಲಿನಲ್ಲಿ ಹುಡುಕಿಸಿ.

ಹೇಗೂ ಬ್ಯಾಂಕಿಗೆ ಹೋಗಿರುತ್ತೀರಿ, ನಿಮ್ಮ ಖಾತೆಗೆ ನಾಮಿನಿ ಇದ್ದಾರಾ ಕೇಳಿಕೊಂಡು ಬನ್ನಿ. 2025ರ ನವೆಂಬರ್ 1ರಿಂದ ನಾಲ್ವರವರೆಗೆ ಹೆಸರು ಕೊಡಬಹುದು, ಆಮೇಲೆ ಬದಲಾಯಿಸಲೂಬಹುದು.