ಹಾಡು ಮುಗಿದ ಮೇಲಿನ ಸಂಗೀತ: ಒಬ್ಬ ಸಂಗ್ರಾಹಕ ಕಲಿತ ಪಾಠಗಳು

ಸಿನಿಮಾ ಸಂಗೀತ ಕೂಡಿಸಿಡುತ್ತೇನೆ ಎಂದರೆ ನಮ್ಮ ಕಡೆ ಎಲ್ಲರೂ ಕೇಳುವುದು ಹಾಡುಗಳನ್ನೇ. ‘ಪಿ.ಬಿ. ಶ್ರೀನಿವಾಸರವು ಅದಾವೇನ್ರಿ? ಜಾನಕಿಯಮ್ಮಂದು?’ ಇವೆ, ಬೇಕಾದಷ್ಟಿವೆ. ಆದರೆ ನನ್ನ ಜೀವ ಇರುವುದು ಹಾಡು ಮುಗಿದ ಮೇಲೆ ಕೇಳುವ ವಾದ್ಯವೃಂದದಲ್ಲಿ. ಮಾತಿನ ಕೆಳಗೆ, ಕೆಲವೊಮ್ಮೆ ಮಾತೇ ಇಲ್ಲದ ಕಡೆ ನುಡಿಯುವ ಸಂಗೀತದಲ್ಲಿ. ಸಿನಿಮಾದವರು ಅದಕ್ಕೆ ರೀರೆಕಾರ್ಡಿಂಗ್ ಎನ್ನುತ್ತಾರೆ, ಈಗಿನ ಹುಡುಗರು ಬಿಜಿಎಂ ಎನ್ನುತ್ತಾರೆ. ಬೈಲಹೊಂಗಲದಲ್ಲಿದ್ದುಕೊಂಡು, ಕಿತ್ತೂರು, ಸವದತ್ತಿ, ರಾಮದುರ್ಗದ ಗೆಳೆಯರ ಜೊತೆ ಅದನ್ನು ಹುಡುಕುತ್ತ, ಕೇಳುತ್ತ, ಅದರ ಬಗ್ಗೆ ವಾದ ಮಾಡುತ್ತ ಬಂದಿದ್ದೇನೆ. ನಾನು ಸಂಗೀತ ಕಲಿತವನಲ್ಲ, ಸ್ವರಲಿಪಿ ಓದಲು ಬರುವುದಿಲ್ಲ. ತಪ್ಪು ಮಾಡಿ ತಿಳಿದುಕೊಂಡದ್ದೇ ಹೆಚ್ಚು. ಹೊಸದಾಗಿ ಈ ಹಾದಿಗೆ ಬರುವವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

1. ಹಾಡಿನ ತಟ್ಟೆ ಸಿಕ್ಕರೆ ಚಿತ್ರದ ಸಂಗೀತ ಸಿಕ್ಕಿತೆಂದಲ್ಲ.

ಮೊದಲ ವರ್ಷಗಳಲ್ಲಿ ನಾನು ಇಪಿ ತಟ್ಟೆಗಳ ಹಿಂದೆ ಬಿದ್ದಿದ್ದೆ. ಜಿ.ಕೆ. ವೆಂಕಟೇಶರ ‘ಕಸ್ತೂರಿ ನಿವಾಸ’, ವಿಜಯಭಾಸ್ಕರರ ‘ಶರಪಂಜರ’, ರಾಜನ್–ನಾಗೇಂದ್ರರ ‘ಗಂಧದ ಗುಡಿ’ ಹೀಗೆ ಒಂದೊಂದೇ ಕಪಾಟು ಸೇರಿದಾಗ, ಆಯಾ ಚಿತ್ರದ ಸಂಗೀತವೆಲ್ಲ ನನ್ನ ಮನೆಗೆ ಬಂತೆಂದು ನಂಬಿದ್ದೆ. ಒಂದು ಸಂಜೆ ‘ಶರಪಂಜರ’ ಮತ್ತೆ ನೋಡುವಾಗ ತಿಳಿಯಿತು: ನಾಯಕಿ ಕಲ್ಪನಾ ಅವರ ಮುಖದ ಮೇಲೆ ಕ್ಯಾಮೆರಾ ನಿಂತಾಗ ನನ್ನ ಎದೆ ಹಿಂಡುವ ಆ ಪಿಟೀಲುಗಳು ನನ್ನ ಯಾವ ತಟ್ಟೆಯಲ್ಲೂ ಇಲ್ಲ.

ಹಾಲಿವುಡ್‌ನಲ್ಲಿ ಪದ್ಧತಿ ಬೇರೆ. 1933ರ ‘ಕಿಂಗ್ ಕಾಂಗ್’ಗೆ ಮ್ಯಾಕ್ಸ್ ಸ್ಟೈನರ್ ಬರೆದ ಸಂಗೀತದಿಂದ ಈಚೆಗೆ ಹಿನ್ನೆಲೆ ಸಂಗೀತಕ್ಕೆ ತನ್ನದೇ ಮರ್ಯಾದೆ ಬಂತು. 1977ರಲ್ಲಿ ‘ಸ್ಟಾರ್ ವಾರ್ಸ್’ಗೆ ಜಾನ್ ವಿಲಿಯಮ್ಸ್ ಲಂಡನ್ ಸಿಂಫನಿ ಆರ್ಕೆಸ್ಟ್ರಾದಿಂದ ನುಡಿಸಿದ್ದು ಎರಡು ಎಲ್‌ಪಿಗಳ ಜೋಡಿಯಾಗಿ ಮಾರಾಟವಾಯಿತು, ಅದರಲ್ಲಿ ಹಾಡಿಲ್ಲ, ಬರೀ ವಾದ್ಯ. ನಮ್ಮಲ್ಲಿ ಮಾರಾಟವಾಗುತ್ತಿದ್ದುದು ಹಾಡು. ಮದ್ರಾಸಿನ ಸ್ಟುಡಿಯೊಗಳಲ್ಲಿ ಪರದೆ ನೋಡುತ್ತ ನುಡಿಸಿದ ರೀರೆಕಾರ್ಡಿಂಗ್ ಚಿತ್ರದ ಪ್ರಿಂಟಿನ ಜೊತೆಗೇ ಅಂಟಿಕೊಂಡು ಉಳಿಯಿತು. ಪ್ರಿಂಟು ಹಾಳಾದರೆ ಅದೂ ಹೋಯಿತು. ಕನ್ನಡದ ಹಿನ್ನೆಲೆ ಸಂಗೀತ ಕೂಡಿಸುವವನು ಅಂಗಡಿಯಲ್ಲಿ ಸಿಗದ್ದನ್ನು ಹುಡುಕುತ್ತಿದ್ದಾನೆ ಎಂಬುದು ಮೊದಲೇ ಗೊತ್ತಿರಬೇಕು.

2. ಸಂಭಾಷಣೆಯ ಕ್ಯಾಸೆಟ್ ಬಿಡಬೇಡಿ.

ನನ್ನ ಅತಿ ದೊಡ್ಡ ನಷ್ಟ ಇದು. ರಾಮದುರ್ಗದಲ್ಲಿ ಒಂದು ಕ್ಯಾಸೆಟ್ ಅಂಗಡಿ ಮುಚ್ಚುವಾಗ ಮಾಲೀಕರು ಚೀಲಗಟ್ಟಲೆ ಮಾಲನ್ನು ನೆಲಕ್ಕೆ ಸುರಿದು, ‘ಬೇಕಾದ್ದು ಆರಿಸ್ಕೊಳ್ರಿ’ ಅಂದರು. ಮೊಣಕಾಲೂರಿ ಕೂತು ಹಾಡಿನವನ್ನೆಲ್ಲ ಆರಿಸಿದೆ. ಕಥೆ ಮತ್ತು ಸಂಭಾಷಣೆ ಎಂದು ಬರೆದಿದ್ದವನ್ನು ಪಕ್ಕಕ್ಕೆ ಸರಿಸುತ್ತ ಹೋದೆ. ಜಾತ್ರೆಯಲ್ಲಿ, ಗಣಪತಿ ಕೂಡಿಸಿದಾಗ ಮೈಕ್‌ಸೆಟ್ಟಿನವರು ಹಗಲಿಡೀ ಹಚ್ಚುತ್ತಿದ್ದ ಕ್ಯಾಸೆಟ್ಟುಗಳವು. ಊರಿನ ಹುಡುಗರಿಗೆಲ್ಲ ಅದರ ಮಾತು ಬಾಯಿಪಾಠ. ನನಗೆ ಅವು ಬೇಡವಾಗಿದ್ದವು.

ಆಮೇಲೆ ಕಿತ್ತೂರಿನ ಗೆಳೆಯರೊಬ್ಬರ ಮನೆಯಲ್ಲಿ ಅಂಥದ್ದೊಂದು ಪೌರಾಣಿಕ ಚಿತ್ರದ ಕ್ಯಾಸೆಟ್ ಕೇಳಿದೆ. ಚಿತ್ರದ ಧ್ವನಿಪಥದಿಂದಲೇ ಎತ್ತಿದ್ದು. ದರ್ಬಾರಿನ ಮಾತು ನಿಂತ ಕಡೆ ತುತ್ತೂರಿ, ತಾಯಿ ಮಗನನ್ನು ಗುರುತಿಸುವ ಕಡೆ ಒಂಟಿ ಕೊಳಲು, ಯುದ್ಧಕ್ಕೆ ಹೊರಡುವಾಗ ಕೆಳಗಿನ ಸ್ಥಾಯಿಯಿಂದ ಏರಿಬರುವ ತಂತಿವಾದ್ಯಗಳು, ಎಲ್ಲವೂ ಅಲ್ಲಿತ್ತು. ನಾನು ಹುಡುಕುತ್ತಿದ್ದುದು ಮಾತಿನ ಕೆಳಗೆ ಭದ್ರವಾಗಿ ಕೂತಿತ್ತು. ರಾಮದುರ್ಗಕ್ಕೆ ಓಡಿದೆ. ಉಳಿದದ್ದೆಲ್ಲ ಗುಜರಿಗೆ ಹೋಗಿ ಬಹಳ ದಿನವಾಗಿತ್ತು.

1961ರ ‘ಕಿತ್ತೂರು ಚೆನ್ನಮ್ಮ’ಕ್ಕೂ 1977ರ ‘ಬಭ್ರುವಾಹನ’ಕ್ಕೂ ಸಂಗೀತ ಕೊಟ್ಟವರು ಟಿ.ಜಿ. ಲಿಂಗಪ್ಪ. ಚೆನ್ನಮ್ಮನ ಸಮಾಧಿ ಇರುವ ಊರಿನವನಾಗಿ ಆ ಮೊದಲ ಚಿತ್ರದ ಸಂಗೀತ ನನಗೆ ಬರೀ ಸಿನಿಮಾ ಸಂಗೀತವಲ್ಲ. ಬಿ.ಆರ್. ಪಂತುಲು ನಿರ್ದೇಶಿಸಿ, ಬಿ. ಸರೋಜಾದೇವಿ ರಾಣಿಯಾಗಿ ನಟಿಸಿದ ಆ ಚಿತ್ರದಲ್ಲಿ ನಮ್ಮ ಸೀಮೆಯ ಕಥೆಗೆ ಮದ್ರಾಸಿನ ವಾದ್ಯವೃಂದ ನುಡಿದಿದೆ. ಅಂಥ ಕ್ಯಾಸೆಟ್ ಕೈಯಲ್ಲಿಲ್ಲದೆ ಇವತ್ತಿಗೂ ನಾನು ಅದರ ಹಿನ್ನೆಲೆಯನ್ನು ಚಿತ್ರ ಹಾಕಿಕೊಂಡೇ ಕೇಳಬೇಕು.

3. ಹಳೆಯ ತಟ್ಟೆಗೆ ಸ್ಪಿರಿಟ್ ತಾಗಿಸಬೇಡಿ.

ಸವದತ್ತಿಯ ಒಂದು ಹಳೆ ಮನೆಯವರು ನಂಬಿ ನನ್ನ ಕೈಗೆ ಒಂದು 78ರ ವೇಗದ ತಟ್ಟೆ ಕೊಟ್ಟರು. 1943ರ ಹಿಂದಿ ಚಿತ್ರ ‘ಕಿಸ್ಮತ್’ನದು, ಹಾಡಿದವರು ನಮ್ಮ ಬೀಳಗಿಯ ಅಮೀರಬಾಯಿ ಕರ್ನಾಟಕಿ, ಸಂಗೀತ ಅನಿಲ್ ಬಿಸ್ವಾಸ್. ಹಿಂದಿ ಚಿತ್ರಗಳಲ್ಲಿ ವಾದ್ಯವೃಂದವನ್ನು ಬೆಳೆಸಿದವರಲ್ಲಿ ಬಿಸ್ವಾಸ್ ಮೊದಲ ಸಾಲಿನವರು, ಆ ಕಾರಣಕ್ಕೇ ನನಗೆ ಅದು ಬೇಕಿತ್ತು. ತಟ್ಟೆಯ ಮೇಲೆ ಜಿಡ್ಡು ಕೂತಿತ್ತು. ಟೇಪ್‌ರೆಕಾರ್ಡರ್ ಹೆಡ್ ಒರೆಸುವ ಸ್ಪಿರಿಟನ್ನೇ ಹತ್ತಿಗೆ ಹಾಕಿ ಉಜ್ಜಿದೆ. ಹತ್ತಿ ಕಪ್ಪಾಯಿತು, ಕೊಳೆ ಬಿಡುತ್ತಿದೆ ಎಂದು ಖುಷಿಪಟ್ಟು ಇನ್ನಷ್ಟು ಉಜ್ಜಿದೆ. ಬಿಡುತ್ತಿದ್ದುದು ತಟ್ಟೆಯೇ. ಆ ಕಾಲದ ತಟ್ಟೆಗಳು ಅರಗಿನವು. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ನಾನು ಒರೆಸಿದಷ್ಟು ಅಗಲಕ್ಕೆ ಗೆರೆಗಳು ಅಳಿಸಿ ಮಂಕಾಗಿದ್ದವು.

ಆ ಮನೆಗೆ ಹೋಗಿ ನಿಜ ಹೇಳಿದೆ. ಮನೆಯ ಅಜ್ಜಿ ಒಂದು ಮಾತೂ ಬೈಯಲಿಲ್ಲ. ‘ನಮ್ಮವರು ಅದನ್ನ ಭಾಳ ಹಚ್ಚತಿದ್ರಪ್ಪ’ ಅಂದರು, ಅಷ್ಟೇ. ಈಗ ಅರಗಿನ ತಟ್ಟೆಗೆ ಬಟ್ಟಿ ಇಳಿಸಿದ ನೀರು, ಒಂದು ಹನಿ ಮೆದು ಸಾಬೂನು, ಹಳೆಯ ಹತ್ತಿಬಟ್ಟೆ. ಗೆರೆ ಹೋದ ದಿಕ್ಕಿಗೇ ಒರೆಸಬೇಕು, ನಡುವಿನ ಲೇಬಲ್ಲಿಗೆ ನೀರು ಸೋಕಬಾರದು, ನೆರಳಲ್ಲಿ ಆರಬೇಕು. ಪರರ ತಟ್ಟೆಯಾದರೆ ಮೊದಲು ಇದ್ದಂತೆಯೇ ಒಮ್ಮೆ ನುಡಿಸಿ ಮುದ್ರಿಸಿಕೊಂಡ ಮೇಲೆ ತೊಳೆಯುವ ಮಾತು.

4. ಸದ್ದು ತೆಗೆಯಲು ಹೋಗಿ ಸಂಗೀತ ತೆಗೆಯಬೇಡಿ.

ಕಿತ್ತೂರು ಮಲೆನಾಡಿನ ಅಂಚು, ಮಳೆಗಾಲದಲ್ಲಿ ಕ್ಯಾಸೆಟ್ಟಿನ ಟೇಪಿಗೆ ಬಿಳಿ ಬೂಸ್ಟು ಬರುತ್ತದೆ. ರಾಮದುರ್ಗದ ಬೇಸಿಗೆಗೆ ತಟ್ಟೆಗಳು ಸೊಟ್ಟಗಾಗುತ್ತವೆ. ಇದ್ದದ್ದನ್ನು ಬೇಗ ಕಂಪ್ಯೂಟರಿಗೆ ಇಳಿಸಬೇಕು, ಸರಿ. ನಾನು ಇಳಿಸುವಾಗಲೇ ಚರಚರ ಸದ್ದು ಕಳೆಯುವ ಸಾಫ್ಟ್‌ವೇರ್ ಹಾಯಿಸಿ, ಎಂಪಿ3 ಮಾಡಿ, ಮೂಲವನ್ನು ಅಳಿಸುತ್ತಿದ್ದೆ. ವರ್ಷಗಳ ನಂತರ ಒಳ್ಳೆಯ ಸ್ಪೀಕರಿನಲ್ಲಿ ಕೇಳಿದರೆ ಪಿಟೀಲುಗಳ ಮೇಲಿನ ಹೊಳಪೆಲ್ಲ ಸದ್ದಿನ ಜೊತೆ ಹೋಗಿತ್ತು. ಸದ್ದಿದ್ದರೂ ಇರಲಿ, ಮೂಲವನ್ನು ಹಾಗೆಯೇ ವೇವ್ ಕಡತವಾಗಿ ಎರಡು ಕಡೆ ಇಡಿ.

5. ಹೆಸರು ಹೇಳುವ ಮುಂಚೆ ಟೈಟಲ್ ಕಾರ್ಡ್ ಪೂರ್ತಿ ಓದಿ.

2015ರ ‘ರಂಗಿತರಂಗ’ ಬಂದಾಗ ಅದರ ಹಿನ್ನೆಲೆ ಸಂಗೀತವನ್ನು ಮನಸಾರೆ ಹೊಗಳಿ, ಅದೆಲ್ಲ ಅನೂಪ್ ಭಂಡಾರಿ ಅವರದು ಎಂದು ಗೆಳೆಯರೆಲ್ಲ ಸೇರಿ ಸಂಗೀತ ಕೇಳುವ ನಮ್ಮ ಕೂಟದಲ್ಲಿ ಉದ್ದಕ್ಕೆ ಮಾತಾಡಿದೆ. ಸವದತ್ತಿಯ ಒಬ್ಬ ಕಾಲೇಜು ಹುಡುಗ ಸಂಕೋಚದಿಂದ, ‘ಸರ್, ಹಾಡು ಅವರದು, ಹಿನ್ನೆಲೆ ಅಜನೀಶ್ ಲೋಕನಾಥ್ ಅವರದು’ ಅಂದ. ನಾನು ಒಪ್ಪದೆ ವಾದಿಸಿದೆ. ಹುಡುಗನ ಮಾತೇ ಸರಿಯಿತ್ತು. ಮುಂದೆ ‘ಕಾಂತಾರ’ದಿಂದ ಲೋಕಕ್ಕೆಲ್ಲ ಗೊತ್ತಾದ ಸಂಗೀತಗಾರನ ಕೆಲಸವನ್ನು ನಾನು ಇನ್ನೊಬ್ಬರ ಲೆಕ್ಕಕ್ಕೆ ಬರೆದಿದ್ದೆ.

ಹಳೆಯ ಚಿತ್ರಗಳಲ್ಲಿ ಇದು ಇನ್ನೂ ಕಷ್ಟ. ಎಪ್ಪತ್ತರ ದಶಕದಲ್ಲಿ ಜಿ.ಕೆ. ವೆಂಕಟೇಶರ ಬಳಿ ಸಹಾಯಕನಾಗಿ, ಗಿಟಾರ್ ನುಡಿಸುತ್ತ ದುಡಿದವರು ಇಳಯರಾಜ. ಅವರ ಮೊದಲ ಚಿತ್ರ ‘ಅನ್ನಕ್ಕಿಳಿ’ ಬಂದದ್ದು 1976ರಲ್ಲಿ. 2025ರ ಮಾರ್ಚ್ 8ರಂದು ಅವರ ಸಿಂಫನಿಯನ್ನು ಲಂಡನ್ನಿನಲ್ಲಿ ರಾಯಲ್ ಫಿಲ್‌ಹಾರ್ಮೊನಿಕ್ ಆರ್ಕೆಸ್ಟ್ರಾ ನುಡಿಸಿದಾಗ ನಮ್ಮ ಕೂಟದವರು ಅಭಿಮಾನಪಟ್ಟಿದ್ದು ಆ ಕಾರಣಕ್ಕೂ ಹೌದು: ಅವರು ಪಳಗಿದ ಜಾಗಗಳಲ್ಲಿ ಕನ್ನಡ ಚಿತ್ರಗಳೂ ಇದ್ದವು. ಆದರೆ ಆ ಕಾಲದ ವೆಂಕಟೇಶರ ಚಿತ್ರದಲ್ಲಿ ಒಂದು ಒಳ್ಳೆಯ ತಿರುವು ಕೇಳಿದ ಕೂಡಲೇ ‘ಇದು ರಾಜಾ ಅವರದೇ’ ಎನ್ನುವ ಚಾಳಿ ನನಗಿತ್ತು. ಅದು ವೆಂಕಟೇಶರಿಗೆ ಮಾಡುವ ಅನ್ಯಾಯ. 1968ರ ‘ಜೇಡರ ಬಲೆ’ಯಲ್ಲಿ ಬಾಂಡ್ ಚಿತ್ರಗಳ ಗತ್ತನ್ನು ಕನ್ನಡಕ್ಕೆ ತಂದವರು ಅವರು, ಆಗಿನ್ನೂ ಆ ಸಹಾಯಕ ಬಂದಿರಲಿಲ್ಲ.

6. ಮೊದಲು ಕೇಳಿಸಿ, ಆಮೇಲೆ ಮಾತಾಡಿ.

ಕೂಟ ಶುರು ಮಾಡಿದಾಗ ನಾನು ಓದಿಕೊಂಡದ್ದನ್ನೆಲ್ಲ ಸುರಿಯುತ್ತಿದ್ದೆ. ‘ಸೈಕೊ’ ಚಿತ್ರಕ್ಕೆ ಬರ್ನಾರ್ಡ್ ಹರ್ಮನ್ ಬರೀ ತಂತಿವಾದ್ಯ ಬಳಸಿದರು, ಸ್ನಾನದ ಮನೆಯ ದೃಶ್ಯಕ್ಕೆ ಸಂಗೀತವೇ ಬೇಡ ಅಂದಿದ್ದ ಹಿಚ್‌ಕಾಕ್ ಕೇಳಿದ ಮೇಲೆ ಮನಸ್ಸು ಬದಲಿಸಿದರು ಎಂದೆಲ್ಲ ದೃಶ್ಯ ತೋರಿಸುವ ಮುಂಚೆಯೇ ಹೇಳಿಬಿಡುತ್ತಿದ್ದೆ. ಹೇಳಿದ್ದೆಲ್ಲ ನಿಜ. ಆದರೆ ಬಂದವರಿಗೆ ಕೇಳಲು ಏನೂ ಉಳಿಯುತ್ತಿರಲಿಲ್ಲ. ಒಬ್ಬೊಬ್ಬರೇ ಬರುವುದು ಬಿಟ್ಟರು.

ಕೂಟವನ್ನು ಉಳಿಸಿದ್ದು ‘ಪುಷ್ಪಕ ವಿಮಾನ’. 1987ರ ಈ ಚಿತ್ರದಲ್ಲಿ ಸಿಂಗೀತಂ ಶ್ರೀನಿವಾಸರಾವ್ ಒಂದು ಮಾತನ್ನೂ ಇಡಲಿಲ್ಲ. ಸಂಗೀತ ಎಲ್. ವೈದ್ಯನಾಥನ್ ಅವರದು; ಶಂಕರ್‌ನಾಗ್‌ರ ‘ಮಾಲ್ಗುಡಿ ಡೇಸ್’ನ ಟೈಟಲ್ ಮ್ಯೂಸಿಕ್ ಅವರದೇ. ಬೆಂಗಳೂರಿನಲ್ಲಿ ಟಾಕೀಸಿನ ಪಕ್ಕದ ಕೋಣೆಯಲ್ಲಿದ್ದ ನಿರುದ್ಯೋಗಿ ಹುಡುಗ ದೊಡ್ಡ ಹೋಟೆಲಿಗೆ ಬರುತ್ತಾನೆ. ಮೆತ್ತನೆಯ ಹಾಸಿಗೆಯಲ್ಲಿ ನಿದ್ದೆ ಬರುವುದಿಲ್ಲ. ಹಳೆಯ ಕೋಣೆಯ ಗದ್ದಲವನ್ನು ಟೇಪಿನಲ್ಲಿ ಹಿಡಿದು ತಂದು ಹಚ್ಚಿಕೊಂಡು ಮಲಗುತ್ತಾನೆ. ಆ ಭಾಗವನ್ನು ಮೊದಲು ಧ್ವನಿ ಇಲ್ಲದೆ, ಆಮೇಲೆ ಧ್ವನಿ ಸಮೇತ, ಕೊನೆಗೆ ಚಿತ್ರ ಮುಚ್ಚಿ ಧ್ವನಿ ಮಾತ್ರ ಹಾಕಿ ಸುಮ್ಮನೆ ಕೂತೆ. ಹತ್ತಿ ಅಡತಿಯಲ್ಲಿ ಲೆಕ್ಕ ಬರೆಯುವ ಗೆಳೆಯರೊಬ್ಬರು, ಕೂಟದಲ್ಲಿ ಎಂದೂ ಬಾಯಿ ಬಿಡದವರು, ‘ಸಂಗೀತ ಎಲ್ಲಿ ನಿಂತೈತಿ ಅನ್ನೋದು ನೋಡ್ರಿ, ಅಲ್ಲೇ ನಗು ಬರತೈತಿ’ ಅಂದರು. ಅಂದು ರಾತ್ರಿ ಎಲ್ಲರೂ ಮಾತಾಡಿದರು. ಈಗಲೂ ಇದೇ ಕ್ರಮ. ಸಂಗೀತಗಾರರ ಹೆಸರು, ಇಸವಿ, ಕಥೆ ಎಲ್ಲ ಕೊನೆಗೆ, ಅದೂ ಯಾರಾದರೂ ಕೇಳಿದರೆ.

7. ದೊಡ್ಡ ಸದ್ದೇ ದೊಡ್ಡ ಸಂಗೀತವಲ್ಲ.

ಬಿ.ವಿ. ಕಾರಂತರನ್ನು ನಾನು ಬಹಳ ಕಾಲ ಪಟ್ಟಿಯಿಂದ ಹೊರಗೆ ಇಟ್ಟಿದ್ದೆ, ನಾಟಕದವರು ಎಂದು. ‘ಋಷ್ಯಶೃಂಗ’ಕ್ಕೂ ‘ಘಟಶ್ರಾದ್ಧ’ಕ್ಕೂ, ಒಂದರ ಹಿಂದೊಂದು ವರ್ಷ, ರಾಷ್ಟ್ರಪ್ರಶಸ್ತಿ ಪಡೆದ ಸಂಗೀತ ನಿರ್ದೇಶಕರು ಅವರು. ಅವರ ಸಂಗೀತದಂತೆಯೇ, ‘ಸಂಸ್ಕಾರ’ಕ್ಕೆ ಸರೋದ್ ವಾದಕ ರಾಜೀವ ತಾರಾನಾಥರು ಕೊಟ್ಟದ್ದರಲ್ಲೂ ಅಬ್ಬರವಿಲ್ಲ. ಅಬ್ಬರದ ವಾದ್ಯವೃಂದವನ್ನೇ ಹುಡುಕುವ ಕಿವಿಗೆ ಇವು ಸಿಗುವುದಿಲ್ಲ.

8. ಊರಿನ ವಾದ್ಯಗಾರರನ್ನು ಕೇಳಿ.

ಲಂಡನ್, ಮದ್ರಾಸು ಎನ್ನುತ್ತಿದ್ದವನಿಗೆ ಪಕ್ಕದ ಓಣಿಯ ಬ್ಯಾಂಡ್ ಕಂಪನಿ ಕಂಡಿರಲಿಲ್ಲ. ಮದುವೆ ಮೆರವಣಿಗೆಯಲ್ಲಿ ಕ್ಲಾರಿನೆಟ್ ಊದುವ ಹಿರಿಯರೊಬ್ಬರನ್ನು ಒಮ್ಮೆ ಕೂಟಕ್ಕೆ ಕರೆದೆವು. ನಾನು ಬರೀ ‘ತುತ್ತೂರಿ’ ಎಂದು ಬರೆದುಕೊಂಡಿದ್ದ ಕಡೆ ಅವರು ಟ್ರಂಪೆಟ್ ಎಲ್ಲಿ, ಟ್ರಾಂಬೋನ್ ಎಲ್ಲಿ, ಎರಡನೆಯ ಕ್ಲಾರಿನೆಟ್ ಮೊದಲನೆಯದರ ಕೆಳಗೆ ಎಲ್ಲಿ ಸೇರಿತು ಎಂದು ಬೆರಳು ಮಡಿಚಿ ತೋರಿಸಿದರು. ಉಸಿರು ತೆಗೆದುಕೊಳ್ಳುವ ಜಾಗವನ್ನೂ ಗುರುತಿಸಿದರು. ನನ್ನ ಟಿಪ್ಪಣಿ ಪುಸ್ತಕದ ಅರ್ಧ ಪುಟಗಳನ್ನು ಅವರ ಜೊತೆ ಕೂತು ತಿದ್ದಿದೆ.

ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಚೌಡಿಕೆಯನ್ನೂ ಆಮೇಲೆಯೇ ಗಮನವಿಟ್ಟು ಕೇಳಿದ್ದು. ಕಟ್ಟಿಗೆಯ ಪಾತ್ರೆಯ ತಳಕ್ಕೆ ಚರ್ಮ, ಚರ್ಮದ ನಡುವಿನಿಂದ ಎದ್ದ ಒಂದೇ ತಂತಿ. ತಂತಿ ಬಿಗಿದಂತೆ, ಸಡಿಲಿಸಿದಂತೆ ಸ್ವರ ಜಾರುತ್ತದೆ. ತಾಳವೂ ಶ್ರುತಿಯೂ ಒಂದೇ ಕೈಯಲ್ಲಿ. ಅದನ್ನು ಹತ್ತಿರದಿಂದ ಕೇಳಿದ ಮೇಲೆ, ಹೊಸ ಚಿತ್ರಗಳಲ್ಲಿ ಜನಪದ ವಾದ್ಯವನ್ನು ಪಿಟೀಲುಗಳ ಗುಂಪಿನ ಜೊತೆ ಕೂಡಿಸಿದಾಗ ಎಲ್ಲಿ ಒಪ್ಪಿತು, ಎಲ್ಲಿ ಬರೀ ಅಲಂಕಾರಕ್ಕೆ ಇಟ್ಟರು ಎಂದು ಹೇಳುವ ಧೈರ್ಯ ಸ್ವಲ್ಪ ಬಂದಿದೆ.

ಆ ಕ್ಲಾರಿನೆಟ್ ಹಿರಿಯರ ಹಾಗೆ, ಮದ್ರಾಸಿನ ಸ್ಟುಡಿಯೊಗಳಲ್ಲಿ ಕೂತು ನುಡಿಸಿದ ನೂರಾರು ಜನ ವಾದಕರ ಹೆಸರು ಟೈಟಲ್ ಕಾರ್ಡಿಗೆ ಏರಲೇ ಇಲ್ಲ. ನಿಮ್ಮ ಮನೆಯಲ್ಲಿ, ನಿಮ್ಮ ಓಣಿಯಲ್ಲಿ ಅಂಥವರಿದ್ದರೆ ಯಾವ ಚಿತ್ರಕ್ಕೆ ಯಾವ ವಾದ್ಯ ನುಡಿಸಿದರು ಎಂದು ಕೇಳಿ ಈಗಲೇ ಬರೆದಿಡಿ. ಅಟ್ಟದ ಮೇಲೆ ಸಂಭಾಷಣೆಯ ಕ್ಯಾಸೆಟ್ಟುಗಳ ಗಂಟು ಇದ್ದರೆ ಗುಜರಿಯವನಿಗೆ ಹಾಕುವ ಮುಂಚೆ ಒಮ್ಮೆ ಹಚ್ಚಿ ಕೇಳಿ.