ಪದಕದ ಅಂಚು

ನಮ್ಮ ಮುತ್ಯಾ ಮೊದಲನೆಯ ಮಹಾಯುದ್ಧದಲ್ಲಿ ಬಂದೂಕು ಹಿಡಿದು ಕಾದಿದ್ದರೆಂಬುದು ಅಕ್ಕಲಕೋಟೆ ಸೀಮೆಯ ನಮ್ಮ ಮನೆತನದ ಹೆಮ್ಮೆ. ಮುಖ್ಯಾಧ್ಯಾಪಕನಾಗಿದ್ದಾಗ ನಾನೂ ತರಗತಿಯಲ್ಲಿ ಹಾಗೆಯೇ ಹೇಳಿದ್ದುಂಟು. ನಿವೃತ್ತನಾದ ಮೇಲೆ ಹಳೆಯ ಪೆಟ್ಟಿಗೆಯಲ್ಲಿದ್ದ ಅವರ ಪದಕವನ್ನು ಹುಣಸೆಹಣ್ಣಿನಿಂದ ತಿಕ್ಕಿ ನೋಡಿದೆ. ಒಂದು ಮುಖದಲ್ಲಿ ಐದನೆಯ ಜಾರ್ಜ್ ದೊರೆ. ಇನ್ನೊಂದರಲ್ಲಿ ಕುದುರೆ ಸವಾರ, 1914, 1918 ಎಂಬ ಇಸವಿಗಳು. ಲೋಹ ಮಾತ್ರ ಕಂಚು. ಸಿಪಾಯಿಗಳಿಗೆ ಕೊಟ್ಟ ಈ ಪದಕ ಬೆಳ್ಳಿಯದು; ಕಂಚಿನದು ಲೇಬರ್ ಕೋರಿನಂಥ ದಳಗಳ ಆಳುಗಳಿಗೆ. ಅಂಚಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಸಂಖ್ಯೆ, ಹೆಸರು. ಹೆಸರಿಗೆ ಮೊದಲು ‘ಕೂಲಿ’ ಎಂಬ ಪದ.

ಆಯಿ ಹೇಳುತ್ತಿದ್ದ ಮಾತುಗಳು ಆಗ ನೆನಪಾದವು. 1899–1900ರ ಬರದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ಆ ಬಾಲಕ ಸರಕಾರದ ಬರಗಾಲದ ಕಾಮಗಾರಿಯಲ್ಲಿ ಖಡಿ ಒಡೆದು ಬದುಕಿದ್ದನು. ಯುದ್ಧಕಾಲದಲ್ಲಿ, ಇಂದಿನ ಇರಾಕಿನ ಬಸ್ರಾ ಬಂದರಿನಲ್ಲಿ ಹಡಗಿನ ಸರಕು ಇಳಿಸಲು, ರೈಲುಹಳಿ ಹಾಸಲು ಸಾವಿರಾರು ಕೂಲಿಗಳನ್ನು ನಮ್ಮ ದೇಶದಿಂದ ಒಯ್ದರು. ಮುತ್ಯಾ ಹೋದದ್ದೂ ಬಸ್ರಾಕ್ಕೇ. ಅವರ ಹೆಗಲ ಮೇಲಿನ ಗುರುತನ್ನು ನಾವು ಗುಂಡೇಟೆಂದೇ ನಂಬಿದ್ದೆವು. “ಗುಂಡಿಂದಲ್ಲಪಾ, ಚೀಲಾ ಹೊತ್ತದ್ದು” ಎಂದು ಆಯಿ ಅಂದರೆ ಅಪ್ಪ ಮಾತು ಮರೆಸುತ್ತಿದ್ದರು.

ಹಳೆಯ ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿಯೂ ಇಂಥ ಪದಕವಿದ್ದರೆ ಮೊದಲು ಅಂಚನ್ನು ಓದಿರಿ. ಅಂದು ನನ್ನಿಂದ ತಪ್ಪು ಪಾಠ ಕೇಳಿದವರು ಅದನ್ನು ತಿದ್ದಿಕೊಳ್ಳಬೇಕಾಗಿ ವಿನಂತಿ.