ನೀರಿನ ಹುಳು ಹೇಳುವ ಕಾಲ: ಒಂದು ಪಾಠದ ಅನುಭವ

ತರಗತಿ: 9, ಹುಣಸೂರು ತಾಲ್ಲೂಕು
ಉದ್ದೇಶ: ಕೀಟದ ಜೀವನಚಕ್ರದಿಂದ ಕಾಲವನ್ನು ಅಂದಾಜಿಸುವುದು

ಪೀಠಿಕೆ: “ಲಕ್ಷ್ಮಣತೀರ್ಥ ಹೊಳೆಯಲ್ಲಿ ಒಂದು ಶವ ಸಿಕ್ಕಿತು ಎಂದುಕೊಳ್ಳಿ” ಎಂದು ಆರಂಭಿಸಿದೆ. ಹಿಂದಿನ ಬೆಂಚಿನ ಹುಡುಗಿ ತಲೆ ತಗ್ಗಿಸಿದಳು. ಅವಳ ಮನೆಯಲ್ಲೊಬ್ಬರು ಹೊಳೆಪಾಲಾಗಿದ್ದರೆಂದು ಆಮೇಲೆ ತಿಳಿಯಿತು. ಪಾಠ ನಿಲ್ಲಿಸಿದೆ.

ಬದಲಿಸಿದ ಚಟುವಟಿಕೆ: ನೆಲದ ಮೇಲಿನ ನೊಣ ಶವವನ್ನೇ ಹುಡುಕಿ ಮೊಟ್ಟೆಯಿಡುತ್ತದೆ. ನೀರಿನ ಕೀಟಗಳಲ್ಲಿ ಹೆಚ್ಚಿನವಕ್ಕೆ ಶವವೂ ಕಲ್ಲಿನಂತೆ ಅಂಟಿಕೊಳ್ಳುವ ಜಾಗ ಅಷ್ಟೆ. ಹಾಗಾಗಿ ಹೆಂಚೊಂದನ್ನು ಶಾಲೆಯ ತೊಟ್ಟಿಯಲ್ಲಿ ಮುಳುಗಿಸಿ, ಮೂರು ವಾರದ ಬಳಿಕ ತೋರಿಸಿದೆ. ಪಾಚಿಯ ನಡುವೆ ಕೈರೊನೊಮಸ್ ಕೀಟದ ಲಾರ್ವಗಳಿದ್ದವು, ಹಿಮೋಗ್ಲೋಬಿನ್‌ನಿಂದಾಗಿ ಕೆಂಪು. 1989ರಲ್ಲಿ ಅಮೆರಿಕದ ಮಿಷಿಗನ್‌ನ ನದಿಯಲ್ಲಿ ಸಿಕ್ಕ ಕಾರು ಯಾವಾಗ ಮುಳುಗಿತೆಂದು ಅಂದಾಜಿಸಲು, ಅದಕ್ಕೆ ಅಂಟಿದ್ದ ಕೀಟಗಳ ಕೋಶಾವಸ್ಥೆ ನೆರವಾದದ್ದನ್ನೂ ಹೇಳಿದೆ.

“ಹುಳ ನೋಡಿ ಸರಿಯಾದ ದಿನ ಹೇಳಬಹುದಾ ಮಿಸ್?” ಕೇಳಿದ್ದು ಅದೇ ಹುಡುಗಿ.

“ಇಲ್ಲ. ಕಡಿಮೆಯೆಂದರೆ ಇಷ್ಟು ದಿನ ಎನ್ನಬಹುದು. ನೀರು ತಣ್ಣಗಿದ್ದರೆ ಬೆಳವಣಿಗೆ ನಿಧಾನ. ಬೇರೆಡೆ ಬೆಳೆದ ಲಾರ್ವ ತೇಲಿಬಂದು ಸೇರಿದ್ದರೆ ಲೆಕ್ಕವೇ ತಪ್ಪುತ್ತದೆ.”

ಕಲಿತದ್ದು: ಕಾವೇರಿ ಬದಿಯ ಕೆ.ಆರ್. ನಗರವಿರಲಿ, ಕಬಿನಿ ಬದಿಯ ಎಚ್.ಡಿ. ಕೋಟೆಯಿರಲಿ, ಹೊಳೆಗೆ ತಮ್ಮವರನ್ನು ಕಳೆದುಕೊಂಡ ಮಗು ತರಗತಿಯಲ್ಲಿರಬಹುದು. ಈ ಪಾಠವನ್ನು ಹೆಂಚಿನಿಂದಲೇ ಆರಂಭಿಸುವುದು ಒಳ್ಳೆಯದು.